ಹಾಂಗ್‌ಕಾಂಗ್‌ಗೆ ಹೊರಡುವ ಮುನ್ನ: ಭಾರತೀಯ ಪಾಸ್‌ಪೋರ್ಟ್ ಇರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಂಗ್‌ಕಾಂಗ್‌ಗೆ ಹೋಗಲು ನಮಗೆ ವೀಸಾ ಬೇಡ ಎನ್ನುವುದು ಅರ್ಧ ಮಾತ್ರ ನಿಜ. ವೀಸಾ ಬೇಡ, ಆದರೆ ಮುಂಗಡ ನೋಂದಣಿ ಬೇಕು. ಇದನ್ನು ತಿಳಿಯದೆ ಟಿಕೆಟ್, ಹೋಟೆಲು ಎಲ್ಲ ಕಾಯ್ದಿರಿಸಿ, ವಿಮಾನ ನಿಲ್ದಾಣದ ಕೌಂಟರಿನಲ್ಲಿ ವಾಪಸ್ ಕಳಿಸಿಕೊಂಡವರಿದ್ದಾರೆ. ಇನ್ನೊಂದೆಡೆ, ಕೆಲವು ವರ್ಷಗಳ ಹಿಂದೆ ಹೋಗಿಬಂದವರು ಹೇಳುವ ಆಗಮನ ಚೀಟಿ, ಲಸಿಕೆ ಪ್ರಮಾಣಪತ್ರ, ಕ್ವಾರಂಟೈನ್ ಯಾವುವೂ ಈಗಿಲ್ಲ. ಹಾಗಾಗಿ ಪ್ರತಿ ನಿಯಮದ ಜೊತೆ ಅದು ಯಾವಾಗಿನಿಂದ ಜಾರಿಯಲ್ಲಿದೆ ಎಂಬುದನ್ನೂ ಆದಷ್ಟು ಬರೆದಿದ್ದೇವೆ.

ವೀಸಾ ಬೇಕೋ ಬೇಡವೋ, ಒಂದೇ ಮಾತಿನಲ್ಲಿ ಹೇಳಿ.

ಪ್ರವಾಸಕ್ಕೆ, ಬಂಧುಗಳನ್ನು ನೋಡಲು ಅಥವಾ ವ್ಯಾಪಾರದ ಸಭೆಗೆ 14 ದಿನದೊಳಗೆ ಹೋಗಿಬರುವುದಾದರೆ ಬೇಡ. ಆದರೆ 2017ರ ಜನವರಿ 23ರಿಂದ ಭಾರತೀಯರಿಗೆ ಪ್ರೀ-ಅರೈವಲ್ ರಿಜಿಸ್ಟ್ರೇಷನ್ ಕಡ್ಡಾಯ. ಎಲ್ಲರೂ ಪಿಎಆರ್ ಎನ್ನುವುದು ಇದನ್ನೇ. 14 ದಿನಕ್ಕಿಂತ ಹೆಚ್ಚು ಉಳಿಯುವವರು, ಕೆಲಸಕ್ಕೆ ಅಥವಾ ಓದಲು ಹೋಗುವವರು ವೀಸಾ ಪಡೆದೇ ಹೋಗಬೇಕು.

ಪಿಎಆರ್ ಎಷ್ಟು ದಿನ ಮೊದಲು ಮಾಡಬೇಕು? ಎಷ್ಟು ಖರ್ಚು?

ಖರ್ಚಿಲ್ಲ, ಪೂರ್ತಿ ಉಚಿತ. ಹಾಂಗ್‌ಕಾಂಗ್ ಸರ್ಕಾರದ ಜಾಲತಾಣದಲ್ಲಿ ನೀವೇ ಫಾರ್ಮ್ ತುಂಬಬೇಕು. ವಿಳಾಸದ ಕೊನೆಯಲ್ಲಿ ಗವ್ ಡಾಟ್ ಎಚ್‌ಕೆ ಇದೆಯೇ ನೋಡಿಕೊಳ್ಳಿ. ಹಣ ಕೇಳುವ ತಾಣ ಎದುರಾದರೆ ಅದು ಸರ್ಕಾರದ್ದಲ್ಲ, ನಡುವಿನವರದು. ಫಲಿತಾಂಶ ಸಾಮಾನ್ಯವಾಗಿ ಆಗಲೇ ಪರದೆಯ ಮೇಲೆ ಬರುತ್ತದೆ.

ಒಮ್ಮೆ ಸಿಕ್ಕರೆ ಆರು ತಿಂಗಳು ಚಾಲ್ತಿ. ಅಷ್ಟರಲ್ಲಿ ಪಾಸ್‌ಪೋರ್ಟ್ ಅವಧಿ ಮುಗಿದರೆ ನೋಂದಣಿಯೂ ಮುಗಿಯುತ್ತದೆ. ಈ ಅವಧಿಯಲ್ಲಿ ಎಷ್ಟು ಸಲ ಬೇಕಾದರೂ ಹೋಗಬಹುದು, ಪ್ರತಿ ಸಲವೂ ಹೆಚ್ಚೆಂದರೆ 14 ದಿನ. ಅರ್ಜಿ ಹಾಕುವಾಗ ಪಾಸ್‌ಪೋರ್ಟಿನಲ್ಲಿ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲೇಬೇಕು.

ನಾವು ಒತ್ತಿ ಹೇಳುವ ಕ್ರಮ ಒಂದೇ: ಮೊದಲು ಪಿಎಆರ್, ಆಮೇಲೆ ಹಣ ಕಟ್ಟುವುದು. ತಿರಸ್ಕಾರವಾದರೆ ವೀಸಾಗೆ ಅರ್ಜಿ ಹಾಕಬೇಕು, ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಹಣ ವಾಪಸ್ ಬಾರದ ಟಿಕೆಟನ್ನು ಮೊದಲೇ ಕೊಂಡವರಿಗೆ ಆಗ ದಾರಿಯೇ ಉಳಿಯುವುದಿಲ್ಲ. ಹೊರಡುವ ಒಂದೆರಡು ತಿಂಗಳ ಮುಂಚೆ ಮಾಡಿಕೊಂಡರೆ ಸರಿಹೋಗುತ್ತದೆ. ಆರು ತಿಂಗಳ ಲೆಕ್ಕವೂ ಮೀರುವುದಿಲ್ಲ, ವೀಸಾ ಬೇಕಾಗಿ ಬಂದರೆ ಸಮಯವೂ ಇರುತ್ತದೆ.

ಫಾರ್ಮ್ ತುಂಬುವಾಗ ಎಲ್ಲಿ ಎಡವುತ್ತಾರೆ?

ಹೆಸರಿನಲ್ಲಿ. ಕರ್ನಾಟಕದವರ ಪಾಸ್‌ಪೋರ್ಟುಗಳಲ್ಲಿ ಇದು ದೊಡ್ಡ ತಲೆನೋವು. ನಮ್ಮಲ್ಲಿ ಎಷ್ಟೋ ಜನರಿಗೆ ಸರ್‌ನೇಮ್ ಎಂಬುದೇ ಇಲ್ಲ. ಇರುವುದು ಊರಿನ ಹೆಸರು, ತಂದೆಯ ಹೆಸರು ಅಥವಾ ಬರೀ ಇನಿಷಿಯಲ್. ಉದಾಹರಣೆಗೆ ಪಾಸ್‌ಪೋರ್ಟಿನ ಗಿವನ್ ನೇಮ್ ಜಾಗದಲ್ಲಿ ‘ಮಂಜುನಾಥ ಬಸಪ್ಪ’ ಎಂದಿದ್ದು ಸರ್‌ನೇಮ್ ಜಾಗ ಖಾಲಿ ಇದೆ ಎನ್ನೋಣ. ವಿಮಾನ ಕಂಪನಿಯ ತಾಣ ಸರ್‌ನೇಮ್ ಇಲ್ಲದೆ ಮುಂದೆ ಹೋಗಲು ಬಿಡದ ಕಾರಣ ಟಿಕೆಟಿನಲ್ಲಿ ‘ಬಸಪ್ಪ’ ಸರ್‌ನೇಮ್ ಆಗುತ್ತದೆ. ಅದನ್ನು ನೋಡಿಕೊಂಡು ಪಿಎಆರ್ ತುಂಬಿದರೆ ಅದು ಪಾಸ್‌ಪೋರ್ಟಿಗೆ ತಾಳೆಯಾಗುವುದಿಲ್ಲ. ಪಿಎಆರ್ ತುಂಬಲು ಪಾಸ್‌ಪೋರ್ಟೇ ಆಧಾರ. ಟಿಕೆಟನ್ನಾಗಲಿ ಆಧಾರ್ ಕಾರ್ಡನ್ನಾಗಲಿ ನೋಡಿ ತುಂಬಬೇಡಿ.

ಅನುಮಾನ ಬಂದರೆ ಫೋಟೋ ಇರುವ ಪುಟದ ಕೆಳಗಿನ ಎರಡು ಸಾಲು ನೋಡಿ. ಮೂಲೆಬಾಣದಂಥ (<) ಗುರುತುಗಳಿಂದ ತುಂಬಿದ ಆ ಸಾಲುಗಳನ್ನೇ ಯಂತ್ರ ಓದುವುದು. ಮೊದಲ ಸಾಲಿನಲ್ಲಿ ದೇಶದ ಸಂಕೇತ ಮುಗಿದ ಮೇಲೆ ಸರ್‌ನೇಮ್, ನಂತರ ಎರಡು ಬಾಣ, ನಂತರ ಗಿವನ್ ನೇಮ್ ಬರುತ್ತದೆ. ನಿಮ್ಮ ಹೆಸರು ಹೇಗೆ ಒಡೆದಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಎರಡನೆಯ ತಪ್ಪು ಪಾಸ್‌ಪೋರ್ಟ್ ಸಂಖ್ಯೆಯಲ್ಲಿ. ಭಾರತೀಯ ಪಾಸ್‌ಪೋರ್ಟ್ ಸಂಖ್ಯೆಯಲ್ಲಿ ಮೊದಲು ಒಂದು ಅಕ್ಷರ, ಆಮೇಲೆ ಏಳು ಅಂಕಿ. ಮೊದಲ ಜಾಗ ಬಿಟ್ಟು ಬೇರೆಲ್ಲಿ ಗುಂಡಗಿನ ಗುರುತು ಕಂಡರೂ ಅದು ಸೊನ್ನೆಯೇ, ‘ಓ’ ಅಕ್ಷರವಲ್ಲ. ಒಂದೇ ಒಂದು ಗುರುತು ತಪ್ಪಿದರೂ ನೋಂದಣಿ ನಿಮ್ಮ ಪಾಸ್‌ಪೋರ್ಟಿಗೆ ಸೇರುವುದಿಲ್ಲ, ಹೊಸದಾಗಿ ಮಾಡಬೇಕು. ಪಾಸ್‌ಪೋರ್ಟ್ ನವೀಕರಿಸಿದವರಿಗೂ ಇದೇ ಮಾತು: ಹಳೆಯ ಸಂಖ್ಯೆಯ ಪಿಎಆರ್ ಹೊಸ ಪುಸ್ತಕಕ್ಕೆ ನಡೆಯದು.

ಮೊಬೈಲಿನಲ್ಲಿ ತೋರಿಸಿದರೆ ಸಾಲದೇ?

ಎ4 ಹಾಳೆಯಲ್ಲಿ ಪ್ರಿಂಟ್ ತೆಗೆದು, ಸಹಿ ಹಾಕಿ ಇಟ್ಟುಕೊಳ್ಳಿ. ನಿಯಮವೇ ಹಾಗಿದೆ. ಬ್ಯಾಗಿನಲ್ಲಿ ಇನ್ನೊಂದು ಪ್ರತಿ ಇರಲಿ. ಮೊದಲು ಇದನ್ನು ಕೇಳುವವರು ನಮ್ಮ ಊರಿನ ಚೆಕ್-ಇನ್ ಕೌಂಟರಿನವರು.

ಕೈಗೂಸಿಗೂ ಬೇಕೇ?

ಬೇಕು. ಪಾಸ್‌ಪೋರ್ಟ್ ಎಷ್ಟೋ ಪಿಎಆರ್ ಅಷ್ಟು.

ಪಿಎಆರ್ ಸಿಕ್ಕಿತೆಂದರೆ ಪ್ರವೇಶ ಖಾತ್ರಿಯೇ?

ಅಲ್ಲ. ಕೊನೆಯ ತೀರ್ಮಾನ ಅಲ್ಲಿನ ವಲಸೆ ಅಧಿಕಾರಿಯದು. ಹೋಟೆಲ್ ಬುಕಿಂಗ್, ವಾಪಸ್ ಟಿಕೆಟ್, ಖರ್ಚಿಗೆ ಹಣವಿದೆ ಎಂಬುದಕ್ಕೆ ಪುರಾವೆ ಕೈಗೆ ಸಿಗುವಂತಿರಲಿ. ಕೇಳಿದ್ದಕ್ಕೆ ನೇರವಾಗಿ, ಚುಟುಕಾಗಿ ಉತ್ತರಿಸಿ. ಎಲ್ಲಿ ಉಳಿಯುತ್ತೀರಿ ಎಂದರೆ ಹೋಟೆಲಿನ ಹೆಸರು ಬಾಯಿಗೆ ಬರಬೇಕು. ಗುಂಪಿನಲ್ಲಿ ಹೋದವರು ‘ಅದೆಲ್ಲ ನಮ್ಮ ಭಾವನಿಗೆ ಗೊತ್ತು’ ಎಂದರೆ ಪ್ರಶ್ನೆಗಳು ಹೆಚ್ಚುತ್ತವೆ.

ಒಳಗೆ ಬಿಟ್ಟ ಮೇಲೆ ಪಾಸ್‌ಪೋರ್ಟಿಗೆ ಮುದ್ರೆ ಬೀಳುವುದಿಲ್ಲ. ಬದಲಿಗೆ ಲ್ಯಾಂಡಿಂಗ್ ಸ್ಲಿಪ್ ಎಂಬ ಪುಟ್ಟ ಬಿಳಿ ಚೀಟಿ ಕೊಡುತ್ತಾರೆ. ಎಂದಿನವರೆಗೆ ಇರಬಹುದು ಎಂದು ಅದರಲ್ಲಿ ಅಚ್ಚಾಗಿರುತ್ತದೆ. ನಿಮ್ಮ ಬೆರಳೆಣಿಕೆಯನ್ನು ಬಿಟ್ಟು ಆ ತಾರೀಕನ್ನೇ ನಂಬಿ. ಅಂಗಡಿ ರಸೀದಿ ಎಂದುಕೊಂಡು ಅದನ್ನು ಎಸೆದವರೂ ಇದ್ದಾರೆ. ಕೈಗೆ ಸಿಕ್ಕ ಕೂಡಲೇ ಫೋಟೋ ತೆಗೆದು ಪಾಸ್‌ಪೋರ್ಟಿನೊಳಗೆ ಇಡಿ.

ವಿಮಾನದಲ್ಲಿ ತುಂಬುವ ಆಗಮನ ಚೀಟಿ ಇನ್ನೂ ಇದೆಯೇ? ಕೋವಿಡ್ ಕಾಗದಗಳು?

ಆಗಮನ ಚೀಟಿ 2024ರ ಅಕ್ಟೋಬರ್ 16ರಿಂದ ಇಲ್ಲ. ಹೋಟೆಲ್ ಕ್ವಾರಂಟೈನ್ 2022ರ ಸೆಪ್ಟೆಂಬರಿನಲ್ಲೂ ಲಸಿಕೆ ಪಾಸ್ ಅದೇ ವರ್ಷದ ಡಿಸೆಂಬರಿನಲ್ಲೂ ಹೋದವು. ಮಾಸ್ಕ್ ಕಡ್ಡಾಯ 2023ರ ಮಾರ್ಚ್ 1ರಂದು ಮುಗಿಯಿತು.

ಇವು ಹೋದ ಜಾಗಕ್ಕೆ ಕಣ್ಣಿಗೆ ಕಾಣದ ಇನ್ನೊಂದು ಬಂದಿದೆ. 2025ರ ಸೆಪ್ಟೆಂಬರ್ 1ರಿಂದ ಎಲ್ಲ ವಿಮಾನ ಕಂಪನಿಗಳೂ ಪ್ರಯಾಣಿಕರ ವಿವರವನ್ನು ಹೊರಡುವ ಮೊದಲೇ ಹಾಂಗ್‌ಕಾಂಗ್ ವಲಸೆ ಇಲಾಖೆಗೆ ಕಳಿಸಬೇಕು, ಹತ್ತಿಸಬಹುದೇ ಎಂಬ ಉತ್ತರ ಪಡೆಯಬೇಕು. ನೀವು ತುಂಬಬೇಕಾದ ಫಾರ್ಮ್ ಏನೂ ಇಲ್ಲ. ಆದರೆ ವಿವರ ತಾಳೆಯಾಗದಿದ್ದರೆ ತೊಡಕು ಅಲ್ಲಿಗೆ ಇಳಿದ ಮೇಲಲ್ಲ, ಇಲ್ಲೇ ಶುರುವಾಗುತ್ತದೆ. ಆನ್‌ಲೈನ್ ಚೆಕ್-ಇನ್ ಮಾಡುವಾಗ ಪಾಸ್‌ಪೋರ್ಟ್ ವಿವರ ಇನ್ನೊಮ್ಮೆ ಓದಿ.

ಹಾಂಗ್‌ಕಾಂಗ್‌ನಲ್ಲಿ ವಿಮಾನ ಬದಲಿಸುವುದಷ್ಟೇ. ಆಗಲೂ ಪಿಎಆರ್ ಬೇಕೇ?

ಟ್ರಾನ್ಸಿಟ್ ಜಾಗ ಬಿಟ್ಟು ಹೊರಬಾರದೆ ಮುಂದಿನ ವಿಮಾನ ಹತ್ತುವುದಾದರೆ ಬೇಡ. ಸಿಕ್ಕಿಕೊಳ್ಳುವವರು ಎರಡು ಬೇರೆ ಬೇರೆ ಟಿಕೆಟ್ ಕೊಂಡವರು. ಮೊದಲ ಟಿಕೆಟಿನ ಲಗೇಜು ಹಾಂಗ್‌ಕಾಂಗ್‌ವರೆಗೆ ಮಾತ್ರ ಬಂದು, ಅದನ್ನು ಬೆಲ್ಟಿನಿಂದ ಎತ್ತಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕಾದರೆ ನೀವು ವಲಸೆ ಗೇಟು ದಾಟಲೇಬೇಕು. ಆಗ ಪಿಎಆರ್ ಬೇಕೇ ಬೇಕು. ಹೇಗೂ ಉಚಿತ, ಟ್ರಾನ್ಸಿಟ್‌ನವರೂ ಮಾಡಿಟ್ಟುಕೊಳ್ಳುವುದು ಕ್ಷೇಮ. ವಿಮಾನ ತಡವಾಗಿ ರಾತ್ರಿ ಹೋಟೆಲಿಗೆ ಹೋಗಬೇಕಾದರೂ ಅದು ಕೈಹಿಡಿಯುತ್ತದೆ.

ಮಕಾವ್‌ಗೆ ಒಂದು ದಿನ ಹೋಗಿಬರಬಹುದೇ? ಗಡಿಯಾಚೆಯ ಶೆನ್‌ಜೆನ್ ನಗರಕ್ಕೆ?

ಹಾಂಗ್‌ಕಾಂಗ್, ಮಕಾವ್, ಶೆನ್‌ಜೆನ್ ಮೂರೂ ಚೀನಾದವೇ ಆದರೂ ಮೂರಕ್ಕೂ ಬೇರೆ ಬೇರೆ ವಲಸೆ ಗೇಟು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದು ಸುಲಭ.

ಮಕಾವ್‌ಗೆ ಭಾರತೀಯರಿಗೆ ವೀಸಾ ಬೇಡ, 30 ದಿನದವರೆಗೆ ಇರಬಹುದು. ಷಂಗ್‌ವಾನ್‌ನ ಹಡಗುಕಟ್ಟೆಯಿಂದ ವೇಗದ ದೋಣಿಯಲ್ಲಿ ಸುಮಾರು ಒಂದು ಗಂಟೆ. 2018ರ ಅಕ್ಟೋಬರಿನಲ್ಲಿ ತೆರೆದ 55 ಕಿಲೋಮೀಟರಿನ ಸಮುದ್ರ ಸೇತುವೆಯ ಮೇಲೆ ಬಸ್ಸೂ ಇದೆ, ಅದು ರಾತ್ರಿಯೂ ಓಡುತ್ತದೆ. ಮರಳಿ ಹಾಂಗ್‌ಕಾಂಗ್‌ಗೆ ಬರುವುದು ಹೊಸ ಪ್ರವೇಶ. ಆ ದಿನಕ್ಕೂ ಪಿಎಆರ್ ಚಾಲ್ತಿಯಲ್ಲಿರಬೇಕು, ಪ್ರಿಂಟ್ ಜೊತೆಗಿರಬೇಕು. ಹೋಟೆಲಿನ ಲಾಕರಿನಲ್ಲಿ ಬಿಟ್ಟು ಹೋಗಬೇಡಿ. 14 ದಿನ ಮುಗಿದಾಗಲೆಲ್ಲ ಮಕಾವ್‌ಗೆ ಹೋಗಿಬಂದು ಮತ್ತೆ 14 ದಿನ ಪಡೆಯುವ ಯೋಚನೆ ಬೇಡ. ಅಧಿಕಾರಿಗೆ ಅದು ತಕ್ಷಣ ಕಾಣುತ್ತದೆ, ಪ್ರವೇಶ ನಿರಾಕರಿಸುವ ಅಧಿಕಾರವೂ ಅವರಿಗಿದೆ.

ಶೆನ್‌ಜೆನ್‌ಗೆ ಮೆಟ್ರೋದಲ್ಲೇ ಗಡಿಯವರೆಗೆ ಹೋಗಬಹುದು, ಆದರೆ ಸ್ವಂತವಾಗಿ ಹೋಗುವ ಭಾರತೀಯರು ಚೀನಾ ವೀಸಾ ಮೊದಲೇ ಮಾಡಿಸಿಕೊಂಡಿರಬೇಕು. ಇಲ್ಲೇ ಇನ್ನೊಂದು ಗುಂಡಿಯಿದೆ. ಬೀಜಿಂಗ್ ನೋಡಿ, ಹಾಂಗ್‌ಕಾಂಗ್‌ಗೆ ಬಂದು, ಅಲ್ಲಿಂದ ಶಾಂಘೈಗೆ ಹೋಗುವ ಯೋಜನೆ ಹಾಕಿಕೊಂಡವರಿಗೆ ಒಂದು ಸಲದ ಪ್ರವೇಶದ ಚೀನಾ ವೀಸಾ ಸಾಲದು. ಹಾಂಗ್‌ಕಾಂಗ್‌ಗೆ ಬಂದ ಕ್ಷಣ ಅದು ಮುಗಿಯಿತು. ಎರಡು ಸಲದ ಪ್ರವೇಶದ ವೀಸಾ ಕೇಳಿ ಪಡೆಯಿರಿ.

ನಾವು ಬರುವುದು ಕ್ರೂಸ್ ಹಡಗಿನಲ್ಲಿ.

ಭೂಮಿಗಿಳಿಯುವುದಾದರೆ ಪಿಎಆರ್ ಬೇಕು. ಹಡಗು ಎಲ್ಲಿ ಕಟ್ಟುತ್ತದೆ ಎಂದು ಟಿಕೆಟಿನಲ್ಲಿ ನೋಡಿ. ಓಷನ್ ಟರ್ಮಿನಲ್ ಆದರೆ ಚಿಮ್‌ಶಾಚೊಯ್ ಪೇಟೆಯ ನಡುವೆಯೇ ಇಳಿಯುತ್ತೀರಿ. ಕೈತಾಕ್ ಟರ್ಮಿನಲ್ ಇರುವುದು ಹಳೆಯ ವಿಮಾನ ನಿಲ್ದಾಣದ ರನ್‌ವೇ ತುದಿಯಲ್ಲಿ. ಅಲ್ಲಿಂದ ಮೆಟ್ರೋಗೆ ಲಗೇಜು ಎಳೆದುಕೊಂಡು ನಡೆಯಲಾಗದು. ಬಸ್ಸು ಅಥವಾ ಟ್ಯಾಕ್ಸಿ ಹಿಡಿಯಬೇಕು, ಹಡಗಿನ ಜನರೆಲ್ಲ ಒಟ್ಟಿಗೆ ಇಳಿಯುವುದರಿಂದ ಟ್ಯಾಕ್ಸಿ ಸಾಲು ಉದ್ದ. ಅದೇ ದಿನ ವಿಮಾನವಿದ್ದರೆ ಸಾಕಷ್ಟು ಸಮಯ ಬಿಟ್ಟುಕೊಳ್ಳಿ.

ಬ್ಯಾಗಿನಲ್ಲಿ ಏನನ್ನು ಹಾಕಲೇಬಾರದು?

ಪೆಪ್ಪರ್ ಸ್ಪ್ರೇ. ನಮ್ಮಲ್ಲಿ ಹೆಣ್ಣುಮಕ್ಕಳು ಆತ್ಮರಕ್ಷಣೆಗೆಂದು ಪರ್ಸಿನಲ್ಲಿಟ್ಟುಕೊಳ್ಳುವ ಸಣ್ಣ ಡಬ್ಬಿ ಹಾಂಗ್‌ಕಾಂಗ್ ಕಾನೂನಿನಲ್ಲಿ ಶಸ್ತ್ರಾಸ್ತ್ರದ ಲೆಕ್ಕ. ಗೊತ್ತಿಲ್ಲದೆ ತಂದೆ ಎಂದರೂ ಬಂಧನವಾಗಬಹುದು, ವಿಮಾನ ಬದಲಿಸಲು ಬಂದವರೂ ಸಿಕ್ಕಿಬಿದ್ದಿದ್ದಾರೆ. ದಯವಿಟ್ಟು ಹೊರಡುವ ಹಿಂದಿನ ರಾತ್ರಿ ಕೈಚೀಲದ ಪ್ರತಿ ಜೇಬನ್ನೂ ಖಾಲಿ ಮಾಡಿ ನೋಡಿ. ಕೀಚೈನಿಗೆ ಸಿಕ್ಕಿಸಿದ್ದರೆ ಅದನ್ನೂ ತೆಗೆಯಿರಿ.

ಇ-ಸಿಗರೇಟು, ವೇಪ್ ಒಯ್ಯುವುದು 2022ರ ಏಪ್ರಿಲ್ 30ರಿಂದ ನಿಷಿದ್ಧ. 2026ರ ಏಪ್ರಿಲ್ 30ರಿಂದ ಸಾರ್ವಜನಿಕ ಜಾಗದಲ್ಲಿ ಅದು ಕೈಯಲ್ಲಿದ್ದರೂ ತಪ್ಪೇ. ಮಾಮೂಲಿ ಸಿಗರೇಟು ಸುಂಕವಿಲ್ಲದೆ 19 ಮಾತ್ರ ಒಯ್ಯಬಹುದು. ಅಂದರೆ 20ರ ಒಂದು ಪ್ಯಾಕೂ ಪೂರ್ತಿ ಆಗುವುದಿಲ್ಲ. ಡ್ಯೂಟಿ ಫ್ರೀಯಲ್ಲಿ ಕೊಂಡ ಕಾರ್ಟನ್ ಹಿಡಿದು, ಸುಂಕ ಕಟ್ಟುವಂಥದ್ದೇನೂ ಇಲ್ಲದವರ ಹಸಿರು ದಾರಿಯಲ್ಲಿ ಹೊರಟರೆ ದಂಡ ಖಚಿತ. ಬಾಯಿಗೆ ಹಾಕುವ ತಂಬಾಕು, ಗುಟ್ಕಾ ಮನೆಯಲ್ಲೇ ಇರಲಿ. ಧೂಮಪಾನ ನಿಷಿದ್ಧ ಜಾಗದಲ್ಲಿ ಸಿಗರೇಟು ಹಚ್ಚಿದರೆ 2026ರ ಜನವರಿ 1ರಿಂದ ಸ್ಥಳದಲ್ಲೇ 3,000 ಹಾಂಗ್‌ಕಾಂಗ್ ಡಾಲರ್ ದಂಡ. ಬಸ್ ಸಾಲಿನಲ್ಲಿ ನಿಂತು ಸೇದುವುದೂ ಇದರಲ್ಲಿ ಸೇರಿದೆ.

ಗಾಂಜಾ ಮೂಲದ ಸಿಬಿಡಿ ಎಣ್ಣೆ, ಮುಲಾಮು ಕೂಡ 2023ರ ಫೆಬ್ರವರಿ 1ರಿಂದ ಅಪಾಯಕಾರಿ ಮಾದಕವಸ್ತು. ಸೌಂದರ್ಯ ಕ್ರೀಮಿನಲ್ಲಿ ಅದು ಅಡಗಿರಬಹುದು, ಲೇಬಲ್ ಓದಿ. ನಿತ್ಯದ ಮಾತ್ರೆಗಳನ್ನು ಮೂಲ ಸ್ಟ್ರಿಪ್ಪಿನಲ್ಲೇ, ವೈದ್ಯರ ಚೀಟಿಯೊಂದಿಗೆ ಒಯ್ಯಿರಿ.

ಪವರ್ ಬ್ಯಾಂಕ್?

ಕೈಚೀಲದಲ್ಲಿ ಮಾತ್ರ, ಚೆಕ್-ಇನ್ ಲಗೇಜಿನಲ್ಲಿ ಬೇಡ. 2025ರ ಏಪ್ರಿಲ್ 7ರಿಂದ ಹಾಂಗ್‌ಕಾಂಗ್‌ನ ವಿಮಾನಗಳಲ್ಲಿ ಹಾರಾಟದ ನಡುವೆ ಪವರ್ ಬ್ಯಾಂಕ್ ಬಳಸುವಂತಿಲ್ಲ, ಅದನ್ನು ಚಾರ್ಜ್ ಮಾಡುವಂತಿಲ್ಲ, ತಲೆಯ ಮೇಲಿನ ಗೂಡಿನಲ್ಲಿ ಇಡುವಂತಿಲ್ಲ. ಸೀಟಿನ ಜೇಬಿನಲ್ಲಿ ಅಥವಾ ಮುಂದಿನ ಸೀಟಿನ ಕೆಳಗೆ ಇಡಬೇಕು. 100 ವ್ಯಾಟ್-ಅವರ್ ಮೀರಿದರೆ ಕಂಪನಿಯ ಒಪ್ಪಿಗೆ ಬೇಕು. ಲೆಕ್ಕ ಹೀಗೆ: ಮಿಲಿ ಆಂಪ್-ಅವರನ್ನು 3.7ರಿಂದ ಗುಣಿಸಿ 1,000ದಿಂದ ಭಾಗಿಸಿ. 20,000ದ್ದು 74 ಆಗುತ್ತದೆ, ತೊಂದರೆಯಿಲ್ಲ. 30,000ದ್ದು 111, ಮಿತಿ ಮೀರಿತು. ಮೇಲಿನ ಅಕ್ಷರ ಅಳಿಸಿಹೋದ ಹಳೆಯ ಪವರ್ ಬ್ಯಾಂಕ್ ಒಯ್ಯಬೇಡಿ. ಎಷ್ಟು ಸಾಮರ್ಥ್ಯ ಎಂದು ತೋರಿಸಲಾಗದಿದ್ದರೆ ತಪಾಸಣೆಯಲ್ಲೇ ಉಳಿದುಬಿಡುತ್ತದೆ.

ಅಲ್ಲಿನ ಪ್ಲಗ್ಗು ಚಪ್ಪಟೆ ಮೂರು ಕಡ್ಡಿಯದು. ನಮ್ಮ ದುಂಡು ಕಡ್ಡಿಯ ಪ್ಲಗ್ ಹಿಡಿಸದು, ಅಡಾಪ್ಟರ್ ಬೇಕು. ವೋಲ್ಟೇಜ್ 220, ಅದರ ಚಿಂತೆ ಇಲ್ಲ.

ಹಣ ಹೇಗೆ ಒಯ್ಯುವುದು? ಲೆಕ್ಕ ಹೇಗೆ?

ಬೆಲೆಪಟ್ಟಿಯಲ್ಲಿ ಡಾಲರ್ ಗುರುತು ಕಂಡು ಗಾಬರಿಯಾಗಬೇಡಿ. ಅದು ಹಾಂಗ್‌ಕಾಂಗ್ ಡಾಲರ್. ಒಂದು ಅಮೆರಿಕನ್ ಡಾಲರಿಗೆ 7.75ರಿಂದ 7.85ರೊಳಗೆ ಅದನ್ನು ಕಟ್ಟಿಹಾಕಿದ್ದಾರೆ, ಹಾಗಾಗಿ ಪ್ರವಾಸದ ಬಜೆಟ್ ಹಾಕುವಾಗ ರೂಪಾಯಿ-ಅಮೆರಿಕನ್ ಡಾಲರ್ ದರ ಒಂದನ್ನು ಗಮನಿಸಿದರೆ ಸಾಕು. ಭಾರತದಿಂದ ಒಂದು ಪ್ರವಾಸಕ್ಕೆ 3,000 ಅಮೆರಿಕನ್ ಡಾಲರ್ ಮೌಲ್ಯದವರೆಗೆ ವಿದೇಶಿ ನೋಟು ಒಯ್ಯಬಹುದು. ಮಿಕ್ಕದ್ದು ಫಾರೆಕ್ಸ್ ಕಾರ್ಡಿನಲ್ಲಿರಲಿ.

ಒಂದೇ ಮೌಲ್ಯದ ನೋಟು ಮೂರು ಬಗೆಯಲ್ಲಿ ಕಂಡರೆ ಖೋಟಾ ಎಂದುಕೊಳ್ಳಬೇಡಿ. ಅಲ್ಲಿ ಮೂರು ಬ್ಯಾಂಕುಗಳು ನೋಟು ಹೊರಡಿಸುತ್ತವೆ, ಪ್ರತಿಯೊಂದರ ಚಿತ್ರ ಬೇರೆ. ಚಿಮ್‌ಶಾಚೊಯ್‌ನ ಚುಂಗ್‌ಕಿಂಗ್ ಮ್ಯಾನ್ಷನ್ಸ್ ಕಟ್ಟಡದಲ್ಲಿ ಹಣ ಬದಲಿಸುವವರು ಬಾಗಿಲಲ್ಲೇ ಇರುವ ಅಂಗಡಿಗೆ ಕೊಡದೆ ಒಳಗಿನ ನಾಲ್ಕು ಅಂಗಡಿಯ ದರ ನೋಡಿ. ನೀವು ಕೊಡುವ ಮೊತ್ತಕ್ಕೆ ಕೈಗೆ ಎಷ್ಟು ಬರುತ್ತದೆ ಎಂದು ಕ್ಯಾಲ್ಕುಲೇಟರಿನಲ್ಲಿ ತೋರಿಸಲು ಹೇಳಿ, ಆಮೇಲೆ ನೋಟು ಮುಂದಿಡಿ.

ಸರಕಿನ ಮೇಲೆ ಮಾರಾಟ ತೆರಿಗೆ ಇಲ್ಲ. ಹಾಗಾಗಿ ವಿಮಾನ ನಿಲ್ದಾಣದಲ್ಲಿ ತೆರಿಗೆ ವಾಪಸ್ ಕೇಳುವ ಪ್ರಶ್ನೆಯೂ ಇಲ್ಲ. ಆದರೆ 2025ರ ಜನವರಿ 1ರಿಂದ ಹೋಟೆಲ್ ಕೋಣೆಗೆ 3 ಶೇಕಡಾ ತೆರಿಗೆ ಮತ್ತೆ ಬಂದಿದೆ. ಬುಕಿಂಗ್ ಮೊತ್ತದಲ್ಲಿ ಅದು ಸೇರಿದೆಯೇ ಕೇಳಿಕೊಳ್ಳಿ. ನಿರ್ಗಮನ ತೆರಿಗೆ 2025ರ ಅಕ್ಟೋಬರ್ 1ರಿಂದ 120 ಹೋಗಿ 200 ಹಾಂಗ್‌ಕಾಂಗ್ ಡಾಲರ್ ಆಗಿದೆ, ಅದು ಟಿಕೆಟಿನಲ್ಲೇ ಸೇರಿರುತ್ತದೆ. ಇನ್ನೊಂದು ಸಣ್ಣ ವಿಷಯ: 2024ರ ಏಪ್ರಿಲ್ 22ರಿಂದ ಹೋಟೆಲುಗಳು ಪ್ಲಾಸ್ಟಿಕ್ ಹಲ್ಲುಜ್ಜುವ ಬ್ರಷ್, ಬಾಚಣಿಗೆ, ರೇಜರ್, ನೀರಿನ ಬಾಟಲಿ ಪುಕ್ಕಟೆ ಕೊಡುವಂತಿಲ್ಲ. ಮನೆಯಿಂದಲೇ ತನ್ನಿ.

ಊರೊಳಗೆ ಓಡಾಟ?

ಹಣ ತುಂಬಿಸಿ ಬಳಸುವ ಆಕ್ಟೋಪಸ್ ಕಾರ್ಡ್ ಒಂದಿದ್ದರೆ ಮೆಟ್ರೋ, ಬಸ್ಸು, ಟ್ರಾಮ್, ದೋಣಿ, ಅಂಗಡಿ ಎಲ್ಲ ಆಗುತ್ತದೆ. ನಗದಿನಲ್ಲಿ ಬಸ್ಸು ಹತ್ತಿದರೆ ಚಿಲ್ಲರೆ ವಾಪಸ್ ಕೊಡುವುದಿಲ್ಲ. ಟ್ರಾಮಿಗೆ ಹಿಂಬಾಗಿಲಿನಲ್ಲಿ ಹತ್ತಿ, ಇಳಿಯುವಾಗ ಮುಂದೆ ಹಣ ಕೊಡಬೇಕು. ವಿಮಾನ ನಿಲ್ದಾಣದಿಂದ ಸೆಂಟ್ರಲ್‌ಗೆ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ರೈಲಿನಲ್ಲಿ 24 ನಿಮಿಷ. ಚಿಮ್‌ಶಾಚೊಯ್‌ನಲ್ಲಿ ಉಳಿಯುವವರಿಗೆ ಎ21 ಬಸ್ಸು ಅಗ್ಗ, ನೇಥನ್ ರಸ್ತೆಯುದ್ದಕ್ಕೂ ನಿಲ್ಲುವುದರಿಂದ ಹೋಟೆಲಿನ ಹತ್ತಿರವೇ ಇಳಿಯಬಹುದು.

ಶುದ್ಧ ಸಸ್ಯಾಹಾರಿಗಳು ಏನು ಮಾಡಬೇಕು?

ಬರೀ ‘ವೆಜ್’ ಎಂದರೆ ಸಾಲದು. ಸೊಪ್ಪಿನ ಪಲ್ಯಕ್ಕೂ ಸಮುದ್ರದ ಚಿಪ್ಪುಜೀವಿಯಿಂದ ಮಾಡಿದ ಆಯ್ಸ್ಟರ್ ಸಾಸ್ ಸುರಿಯುತ್ತಾರೆ, ಸೂಪಿನ ನೀರು ಮಾಂಸದ್ದೇ. ಬೌದ್ಧ ಸಸ್ಯಾಹಾರ ಬೇಕು ಎಂದು ಚೀನೀ ಲಿಪಿಯಲ್ಲಿ ಫೋನಿನಲ್ಲಿ ಬರೆದಿಟ್ಟುಕೊಂಡು ತೋರಿಸಿ. ಬೌದ್ಧ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಲಾಂಟೌ ದ್ವೀಪದಲ್ಲಿ ದೊಡ್ಡ ಬುದ್ಧನನ್ನು ನೋಡಲು ಹೋದಾಗ ಪಕ್ಕದ ಪೋಲಿನ್ ಮಠದಲ್ಲಿ ಸಸ್ಯಾಹಾರದ ಊಟ ಸಿಗುತ್ತದೆ. ಆ 268 ಮೆಟ್ಟಿಲು ಹತ್ತಿ ಇಳಿದವರಿಗೆ ಅದು ಬೇಕಾಗಿರುತ್ತದೆ. ಅಲ್ಲಿಗೆ ಹೋಗುವ ಕೇಬಲ್ ಕಾರು ದುರಸ್ತಿಗೆ, ಗಾಳಿಗೆ ನಿಲ್ಲುವುದುಂಟು. ಅಂದು ಬೆಳಿಗ್ಗೆ ವಿಚಾರಿಸಿ ಹೊರಡಿ.

ಚಂಡಮಾರುತದ ಕಾಲದಲ್ಲಿ ಹೋಗಬಹುದೇ?

ಹೋಗುತ್ತಾರೆ, ಆದರೆ ಲೆಕ್ಕ ಹಾಕಿ ಹೋಗಿ. ಮೇನಿಂದ ನವೆಂಬರ್‌ವರೆಗೆ ಅದರ ಕಾಲ, ಜೋರು ಜೂನ್‌ನಿಂದ ಅಕ್ಟೋಬರ್. ಹವಾಮಾನ ಕೇಂದ್ರ 1, 3, 8, 9, 10 ಎಂಬ ಸಂಕೇತ ಎತ್ತುತ್ತದೆ. 1 ಮತ್ತು 3ರಲ್ಲಿ ಊರು ಹೆಚ್ಚುಕಡಿಮೆ ಎಂದಿನಂತೆ ಇರುತ್ತದೆ. 8 ಬಂದರೆ ಕಚೇರಿ, ಮ್ಯೂಸಿಯಂ, ಅಂಗಡಿ ಮುಚ್ಚುತ್ತವೆ, ದೋಣಿಗಳು ನಿಲ್ಲುತ್ತವೆ, ಬಸ್ಸುಗಳು ಡಿಪೋ ಸೇರುತ್ತವೆ. ಸಂಕೇತ ಏರಿಸುವ ಸುಮಾರು ಎರಡು ಗಂಟೆ ಮೊದಲು ವಿಶೇಷ ಪ್ರಕಟಣೆ ಬರುತ್ತದೆ, ಹೋಟೆಲ್ ಸೇರಿಕೊಳ್ಳಲು ಇರುವ ಸಮಯ ಅದು. 2018ರ ಮಾಂಗ್‌ಕುಟ್, 2023ರ ಸಾವೋಲಾ, 2025ರ ರಗಾಸಾ ಮೂರಕ್ಕೂ 10ನೆಯ ಸಂಕೇತ ಎತ್ತಿದ್ದರು, ಮೂರೂ ಸೆಪ್ಟೆಂಬರಿನವು. ಮಳೆಗೆ ಬೇರೆಯೇ ಸಂಕೇತಗಳಿವೆ: ಹಳದಿ, ಕೆಂಪು, ಕಪ್ಪು. ಕಪ್ಪಿಗೆ ಹೊರಗೆ ಕಾಲಿಡಬೇಡಿ. 2023ರ ಸೆಪ್ಟೆಂಬರಿನಲ್ಲಿ ಒಂದೇ ಗಂಟೆಗೆ 158.1 ಮಿಲಿಮೀಟರ್ ಸುರಿದಿತ್ತು.

ಆದ್ದರಿಂದ ಮಕಾವ್ ದೋಣಿಯನ್ನೂ ದ್ವೀಪದ ತಿರುಗಾಟವನ್ನೂ ಪ್ರವಾಸದ ಮೊದಲ ಭಾಗದಲ್ಲೇ ಇಟ್ಟುಕೊಳ್ಳಿ. ಹೊರಡುವ ಹಿಂದಿನ ದಿನ ಮಕಾವ್‌ನಲ್ಲಿ ಸಿಕ್ಕಿಕೊಂಡರೆ ವಿಮಾನ ತಪ್ಪುತ್ತದೆ. ದಿನಗಳನ್ನು ಆರಿಸುವ ಅವಕಾಶವಿದ್ದರೆ ಅಕ್ಟೋಬರ್ ಎರಡನೆಯ ವಾರದಿಂದ ಡಿಸೆಂಬರ್‌ವರೆಗೆ ಹೋಗಿ. ಅಕ್ಟೋಬರಿನ ಮೊದಲ ವಾರ ಚೀನಾದಲ್ಲಿ ರಾಷ್ಟ್ರೀಯ ರಜೆ, ಜನಜಂಗುಳಿ, ಹೋಟೆಲ್ ದರವೂ ಏರಿರುತ್ತದೆ.

ಗಾಳಿಯಿಂದ ವಿಮಾನ ರದ್ದಾಗಿ 14ನೆಯ ದಿನ ದಾಟಿಹೋದರೆ?

ಅವಧಿ ಮೀರಿ ಉಳಿಯುವುದು ಅಲ್ಲಿ ಅಪರಾಧ. ವಿಮಾನ ಕಂಪನಿಯ ತಪ್ಪು ಎಂದು ಸುಮ್ಮನೆ ಕೂರಬೇಡಿ. ಲ್ಯಾಂಡಿಂಗ್ ಸ್ಲಿಪ್ಪಿನ ತಾರೀಕು ಮುಗಿಯುವ ಮೊದಲೇ ವಲಸೆ ಇಲಾಖೆಗೆ ಅವಧಿ ವಿಸ್ತರಣೆಯ ಅರ್ಜಿ ಹಾಕಬೇಕು. ಕೊನೆಯ ಏಳು ದಿನದೊಳಗೆ ಅರ್ಜಿ ತೆಗೆದುಕೊಳ್ಳುತ್ತಾರೆ. ಪಾಸ್‌ಪೋರ್ಟ್, ಸ್ಲಿಪ್, ರದ್ದಾದ ಬಗ್ಗೆ ಕಂಪನಿ ಕಳಿಸಿದ ಸಂದೇಶದ ಪ್ರತಿ, ಹೊಸ ಟಿಕೆಟ್ ಜೊತೆಗಿರಲಿ. ಹಳೆಯ ಬರಹಗಳಲ್ಲಿ ಕಚೇರಿ ವಾನ್‌ಚಾಯ್‌ನಲ್ಲಿದೆ ಎಂದಿರುತ್ತದೆ. 2024ರಲ್ಲಿ ಕೇಂದ್ರ ಕಚೇರಿ ಚುಂಗ್‌ಕ್ವಾನ್‌ಓಗೆ ಹೋಗಿದೆ, ಮೆಟ್ರೋದಲ್ಲಿ ಅದೇ ಹೆಸರಿನ ನಿಲ್ದಾಣದಲ್ಲಿ ಇಳಿಯಬೇಕು. ಪ್ರವಾಸವನ್ನು 14 ದಿನಕ್ಕೆ ಗಟ್ಟಿಯಾಗಿ ಹೊಲಿಯದೆ 11 ಅಥವಾ 12ಕ್ಕೆ ನಿಲ್ಲಿಸಿದವರಿಗೆ ಈ ಓಡಾಟ ಬೀಳುವುದೇ ಅಪರೂಪ.